ಚಿಕ್ಕಮುನಿಯಮ್ಮನ ಕೊಸರು ಸಮರ

ಚಾಮರಾಜಪೇಟೆಯ ನಾಲ್ಕನೇ ಮೈನ್ ರೋಡಿನ ಒಂದು ತಿರುವಿನಲ್ಲಿ, ಹಿಟ್ಟಿನ ಗಿರಣಿಯ ಎದುರಿಗೆ, ಹೊಂಗೆ ಮರದ ಕೆಳಗೆ ಚಿಕ್ಕಮುನಿಯಮ್ಮನ ಸಾಮ್ರಾಜ್ಯವಿತ್ತು. ಮೂಡಲಿಗೆ ಮೋರಿ, ಪಡುವಲಿಗೆ ಟೆಲಿಫೋನ್ ಕಂಬ, ಬಡಗಲಿಗೆ ಟೊಮೇಟೊ ಬುಟ್ಟಿಗಳು, ತೆಂಕಲಿಗೆ ಸೊಪ್ಪಿನ ರಾಶಿ. ನಡುವೆ ಮಡಿಸಿದ ಗೋಣಿತಾಟಿನ ಸಿಂಹಾಸನ. ಅದರ ಮೇಲೆ ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು, ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ ಅವಳು ಕೂತರೆ, ಆ ರಸ್ತೆಯಲ್ಲಿ ಹೋಗುವ ಸೈಕಲ್ಲುಗಳೂ ಬೆಲ್ಲು ಮಾಡದೆ ಹೋಗುತ್ತಿದ್ದವು. ಅಷ್ಟು ಅವಳ ಬಾಯಿ.

ಅವಳ ರಾಜ್ಯದಲ್ಲಿ ಎರಡು ಶಾಸನಗಳಿದ್ದವು. ಕಲಾಸಿಪಾಳ್ಯದಿಂದ ಬೆಳಗಿನ ಮೂಟೆ ಇಳಿದ ಮೇಲೆ, ಬೋಣಿಗೆ ಮುಂಚೆ, ತಕ್ಕಡಿಗೆ ಅರಿಶಿನ ಕುಂಕುಮ ಬೀಳಲೇಬೇಕು. ಗಂಡ ಮುನಿಸ್ವಾಮಿ ತೀರಿಕೊಂಡ ಮೇಲೆ ತನ್ನ ಹಣೆಗೆ ಇಡುವುದನ್ನು ಬಿಟ್ಟಿದ್ದ ಕುಂಕುಮವನ್ನು ಅವಳು ತಕ್ಕಡಿಗೆ ಒಂದು ದಿನವೂ ತಪ್ಪಿಸಿದವಳಲ್ಲ. ಇನ್ನೊಂದು ಶಾಸನ, ಕೊಸರು. ತೂಕ ಮುಗಿದು ಚೀಲ ಕಟ್ಟುವ ಮುಂಚೆ, ಕೇಳಲಿ ಬಿಡಲಿ, ಒಂದು ಹಿಡಿ ಕರಿಬೇವು, ನಾಲ್ಕು ಎಸಳು ಕೊತ್ತಂಬರಿ, ಮನಸ್ಸು ಬಂದರೆ ಎರಡು ಹಸಿಮೆಣಸಿನಕಾಯಿ ಚೀಲದೊಳಕ್ಕೆ ಹೋಗಬೇಕು. ಕಾಸು ಕೊಟ್ಟಿದ್ದಕ್ಕೆ ಸರಕು, ಬಂದಿದ್ದಕ್ಕೆ ಕೊಸರು. ಗಿರಾಕಿಯನ್ನು ಏಳು ತಲೆಮಾರು ಸೇರಿಸಿ ಬೈದ ಮೇಲೂ ಕೊಸರು ಹಾಕದೆ ಕಳಿಸಿದ್ದಿಲ್ಲ.

ಇಂಥ ಚಕ್ರವರ್ತಿನಿಗೆ ಒಬ್ಬ ಶತ್ರು ಇರಬೇಕಲ್ಲ. ಇದ್ದ. ಅವನ ಹೆಸರು ಚಲುವರಾಜು.

ಆ ಹಗೆತನ ಹುಟ್ಟಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ಒಂದು ರಬ್ಬರ್ ಫುಟ್‌ಬಾಲಿನಿಂದ. ಚಲುವರಾಜು ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಚೆಂಡು ಅವನದು. ಹಾಗಾಗಿ ಆ ಬೀದಿಯಲ್ಲಿ ಯಾರು ಆಡಬೇಕು, ಯಾರು ಗೋಲಿನಲ್ಲಿ ನಿಲ್ಲಬೇಕು ಎಂಬುದೂ ಅವನದೇ. ಆ ಸೈನ್ಯದ ಅತಿ ಚಿಕ್ಕ ಸಿಪಾಯಿ ಚಿಕ್ಕಮುನಿಯಮ್ಮನ ಮಗಳ ಮಗ ಯೋಗಾನಂದ. ಹೊಸಕೋಟೆಯ ಕಡೆ ತೋಟ ನೋಡಿಕೊಂಡಿದ್ದ ಅವನ ಅಪ್ಪ ಅಮ್ಮ, ಪೇಟೆಯಲ್ಲಿದ್ದರೆ ನಾಲ್ಕಕ್ಷರ ಕಲಿಯುತ್ತಾನೆ ಎಂದು ಅವನನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅವನು ಕಲಿತದ್ದು ಒದೆಯುವುದನ್ನು. ಒಂದು ಸಂಜೆ ಅವನೇ ಒದ್ದ ಚೆಂಡು ಮೋರಿ ಹಾರಿ, ಕಂಬಕ್ಕೆ ಬಡಿದು, ಆಗ ತಾನೆ ಗೋಪುರದಂತೆ ಜೋಡಿಸಿದ್ದ ಟೊಮೇಟೊ ಬುಟ್ಟಿಯೊಳಗೆ ಬಿತ್ತು.

ಟೊಮೇಟೊ ರಸ ಮುಖಕ್ಕೆಲ್ಲ ಚಿಮ್ಮಿಸಿಕೊಂಡ ಚಿಕ್ಕಮುನಿಯಮ್ಮ ಎದ್ದು ನಿಂತಳು. ಸಾಕ್ಷಾತ್ ಮಾರಿಯಮ್ಮ. ಚೆಂಡನ್ನು ಎತ್ತಿಕೊಂಡು, ಕುಂಬಳಕಾಯಿ ಹೋಳು ಮಾಡುವ ಈಳಿಗೆಮಣೆಯ ಮುಂದೆ ಕೂತು, ಎಲ್ಲರೂ ನೋಡುತ್ತಿದ್ದಂತೆ ಸರಕ್ಕನೆ ಎರಡು ಹೋಳು ಮಾಡಿಬಿಟ್ಟಳು.

"ಅಜ್ಜೀ, ಅದು ನನ್ ಚೆಂಡು!" ಎಂದು ಚಲುವರಾಜು ಕಿರುಚಿದ.

"ಈಗ ನಂದು. ಒಂದರಾಗೆ ಮೆಣಸಿನಕಾಯಿ ಇಡ್ತೀನಿ, ಇನ್ನೊಂದರಾಗೆ ಚಿಲ್ಲರೆ ಇಡ್ತೀನಿ. ನಿಮ್ಮಪ್ಪನ್ನ ಕಳಿಸು, ಟೊಮೇಟೊ ಲೆಕ್ಕ ಅವನ ತಾವ ಮಾತಾಡ್ತೀನಿ."

ಆಡಿದಂತೆ ಮಾಡಿದಳು. ಮುಂದೆ ಎಷ್ಟೋ ವರ್ಷ ಆ ಚೆಂಡಿನ ಒಂದು ಹೋಳು ಮೆಣಸಿನಕಾಯಿ ಬಟ್ಟಲಾಗಿ, ಇನ್ನೊಂದು ಹೋಳು ಖಜಾನೆಯಾಗಿ ಸಿಂಹಾಸನದ ಎಡಬಲದಲ್ಲಿ ಮೆರೆದವು. ಯುದ್ಧದಲ್ಲಿ ಸೋತ ಅರಸನ ಬುರುಡೆಯಲ್ಲಿ ಪಾನ ಮಾಡಿದಂತೆ. ಚಲುವರಾಜು ಆ ದಾರಿಯಲ್ಲಿ ಹೋದಾಗಲೆಲ್ಲ ತನ್ನ ಚೆಂಡಿನ ಎರಡು ಹೋಳುಗಳನ್ನೂ ನೋಡುತ್ತಿದ್ದ. ಅವನು ಮತ್ತೆ ಫುಟ್‌ಬಾಲ್ ಮುಟ್ಟಲಿಲ್ಲ.

ಯೋಗಾನಂದ ಮುಟ್ಟಿದ. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಮುಟ್ಟಿದ, ಆಮೇಲೆ ಬಸ್ಸು ಹತ್ತಿ ಆಸ್ಟಿನ್ ಟೌನಿಗೆ ಹೋಗಿ, ಹುಟ್ಟುವಾಗಲೇ ಬೂಟು ಹಾಕಿಕೊಂಡು ಹುಟ್ಟಿದಂತಿದ್ದ ಅಲ್ಲಿನ ಹುಡುಗರ ಜೊತೆ ಮುಟ್ಟಿದ. ಅಜ್ಜಿ ಬೂಟು ಬಚ್ಚಿಟ್ಟಳು, ಬರಿಗಾಲಲ್ಲಿ ಆಡಿದ. ಊಟ ಹಾಕುವುದಿಲ್ಲ ಎಂದಳು, ಆಡಿ ಬಂದು ಹಸಿ ಕ್ಯಾರೆಟ್ ತಿಂದು ಮಲಗಿದ. ಹತ್ತನೇ ಕ್ಲಾಸಿನಲ್ಲಿ ಮೂರು ಸಬ್ಜೆಕ್ಟು ಹೋದಾಗ, "ಒದಿ, ಇನ್ನೂ ಒದಿ. ಕಾಲಲ್ಲೇ ಸೈನ್ ಹಾಕುವಂತೆ," ಎಂದಳು. ಅವನು ಕಾಲಲ್ಲೇ ಸೈನ್ ಹಾಕಿದ. ಒಂದು ದೊಡ್ಡ ಕಾರ್ಖಾನೆಯ ತಂಡದವರು ಕರೆದು ಕೆಲಸ ಕೊಟ್ಟರು, ಹೊಸ ಶತಮಾನ ಹುಟ್ಟಿ ಮೂರ್ನಾಲ್ಕು ವರ್ಷವಾಗುವಾಗ ದೇಶದ ತಂಡಕ್ಕೇ ಹೆಸರು ಬಂತು. ಕೊಲ್ಲಿ ದೇಶದಲ್ಲಿ ಭಾನುವಾರ ಸಂಜೆ ಪಂದ್ಯ. ಇಂಡಿಯಾದ ಅಂಗಿ.

ಅಲ್ಲಿಗೆ ಚಿಕ್ಕಮುನಿಯಮ್ಮ ಪಕ್ಷ ಬದಲಾಯಿಸಿದಳು. ಚೆಂಡು ಕೊಯ್ದವಳೇ ಈಗ ಫುಟ್‌ಬಾಲಿನ ದಂಡನಾಯಕಿ. "ಇಂಡಿಯಾದೋರು ಕರ್ಕೊಂಡು ಹೋಗವ್ರೆ," ಎಂದು ಬದನೆಕಾಯಿ ಕೇಳಿದವರಿಗೂ ಹೇಳಿದಳು, ಬಸ್ಸಿನ ದಾರಿ ಕೇಳಿದವರಿಗೂ ಹೇಳಿದಳು. ಮೊಮ್ಮಗನನ್ನು ಆ ಅಂಗಿಯಲ್ಲಿ ಕಣ್ಣಾರೆ ನೋಡಬೇಕು. ಅವಳಿಗೆ ಉಳಿದಿದ್ದು ಅದೊಂದೇ. ಅವನು ಆಡಿದ ಒಂದು ಪಂದ್ಯವನ್ನೂ ಅವಳು ನೋಡಿರಲಿಲ್ಲ. ಸಿಟ್ಟಿನಿಂದ ಹೋಗಿರಲಿಲ್ಲ, ಆಮೇಲೆ ವ್ಯಾಪಾರದಿಂದ ಹೋಗಿರಲಿಲ್ಲ. ಈಗ ಮನೆಯ ಟೀವಿಯನ್ನು ತಂದು ಹೊಂಗೆ ಮರದ ಕೆಳಗಿಟ್ಟು, ಬೀದಿಯವರನ್ನೆಲ್ಲ ಕೂರಿಸಿಕೊಂಡು ನೋಡುವುದೆಂದು ಗೊತ್ತುಮಾಡಿದಳು.

ಆ ಸುಖಕ್ಕೆ ಕಲ್ಲು ಹಾಕಿದವರು ಶೀನಣ್ಣ. ಸರ್ಕಾರಿ ಕಚೇರಿಯಿಂದ ರಿಟೈರಾಗಿ, ಬೆಳಿಗ್ಗೆ ಎರಡು ಪೇಪರನ್ನು ಪೂರ್ತಿ ಓದಿ, ಅದರ ಕೆಟ್ಟ ಸುದ್ದಿಗಳನ್ನು ಮಾತ್ರ ಆರಿಸಿ ಬೀದಿಗೆ ಹಂಚುವುದು ಅವರ ನಿತ್ಯಕರ್ಮ.

"ಮುನಿಯಮ್ಮಾ, ನಿನ್ನ ಮೊಮ್ಮಗನ ಮ್ಯಾಚು ದೂರದರ್ಶನದಲ್ಲಿ ಬರಲ್ವಂತೆ ಕಣಮ್ಮ."

"ಯಾಕ್ ಸಾಮಿ, ಕರೆಂಟ್ ಬಿಲ್ ಕಟ್ಟಿಲ್ವಾ?"

"ಮಾರ್ಬಿಟ್ಟಿದಾರೆ. ಅದ್ಯಾವುದೋ ವಿಕ್ಟರಿ ಪ್ಲಸ್ ಅಂತ ದುಡ್ಡಿನ ಚಾನೆಲ್ಲು. ಅವರಿಗೆ ಕೊಟ್ಟಿದಾರೆ."

"ಯೋಗಾನ ಮಾರ್ಬುಟ್ರಾ?" ತಕ್ಕಡಿ ಕೆಳಕ್ಕೆ ಬಿತ್ತು.

"ಅವನನ್ನಲ್ಲಮ್ಮ. ಅವನನ್ನ ನೋಡೋದನ್ನ ಮಾರಿದಾರೆ. ಪ್ರಸಾರದ ಹಕ್ಕು ಅಂತಾರೆ. ದುಡ್ಡು ಕೊಟ್ಟೋರ ಮನೇಲಿ ಮಾತ್ರ ಕಾಣುತ್ತೆ."

ಚಿಕ್ಕಮುನಿಯಮ್ಮ ತನ್ನ ಜೀವಮಾನದಲ್ಲಿ ಬೆಳೆದದ್ದು, ಬಾಡಿದ್ದು, ಹುಳ ಬಿದ್ದದ್ದು ಎಲ್ಲವನ್ನೂ ಮಾರಿದವಳು. ನೋಡುವುದನ್ನು ಮಾರಬಹುದು ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

"ನೋಡೋಕೂ ಕಾಸಾ ಸಾಮಿ? ನಾನು ಬದನೆಕಾಯಿ ನೋಡೋಕೆ ಕಾಸು ಈಸ್ಕೊಂಡಿದ್ರೆ ಬಸವನಗುಡೀಲಿ ಬಂಗಲೆ ಕಟ್ಟಿರ್ತಿದ್ದೆ. ನಿಮ್ಮನೆ ಸುಂದರಮ್ಮೋರು ಬೆಂಡೆಕಾಯಿ ತುದಿ ಮುರ್ದು ಮುರ್ದು ನೋಡಿ ತಗೊಳ್ದಲೆ ಹೋಗ್ತಾರಲ್ಲ, ಒಂದ್ ದಿನಾನಾದ್ರೂ ಕೇಳಿದೀನಾ?"

ಶೀನಣ್ಣ ಹೆಂಡತಿಯ ಪರವಾಗಿ ಕೆಮ್ಮಿದರು.

"ದೇಶ ಅಂದ್ಮೇಕೆ ದೇಶದ ಆಟ ಕೊಸರು ಇದ್ದಂಗೆ ಸಾಮಿ. ಈ ದೇಶದಾಗೆ ಹುಟ್ಟಿದ್ದಕ್ಕೆ ಚೀಲಕ್ಕೆ ಬೀಳ್ಬೇಕು. ಕೊಸರ್ನೂ ತೂಕ ಹಾಕಿ ಮಾರೋ ಮುಂಡೇವು ಅವ್ಯಾವು?"

ಆ ಮುಂಡೇವು ಯಾವುವು ಎಂಬುದು ಶೀನಣ್ಣನವರಿಗೂ ಗೊತ್ತಿರಲಿಲ್ಲ. ಅವು ದೂರದ ಊರುಗಳಲ್ಲಿ ತಣ್ಣನೆಯ ಕೋಣೆಗಳಲ್ಲಿ ಇದ್ದವು. ಕೈಗೆ ಸಿಗುವಂತಿದ್ದವನು ಒಬ್ಬನೇ.

ಚಲುವರಾಜು ಈಗ ಆ ಬೀದಿಯ ಕೇಬಲ್ ದೊರೆ. ಹಿಟ್ಟಿನ ಗಿರಣಿಯ ಮೇಲಿನ ಕೋಣೆ ಅವನ ಅರಮನೆ. ತಾರಸಿಯ ಮೇಲೆ ಬೋರಲು ಬಿದ್ದ ಬಾಣಲೆಗಳಂತೆ ಡಿಶ್‌ಗಳು. ಅಲ್ಲಿಂದ ಹೊರಟ ಕಪ್ಪು ತಂತಿಗಳು ಹೊಂಗೆ ಮರ, ಕಂಬ, ಬಾಲ್ಕನಿ, ಬಟ್ಟೆ ಒಣಹಾಕುವ ಹಗ್ಗ ಎಲ್ಲವನ್ನೂ ಸುತ್ತಿಕೊಂಡು ಮನೆಮನೆಗೆ ಇಳಿಯುತ್ತಿದ್ದವು. ಗಿರಣಿಯ ಹಿಟ್ಟು ಮೇಲಕ್ಕೆ ಹಾರಿ ಅವನ ಯಂತ್ರಗಳ ಮೇಲೆ, ಕೂದಲ ಮೇಲೆ ಕೂರುತ್ತಿತ್ತು. ಇಪ್ಪತ್ತೆಂಟಕ್ಕೇ ಅವನು ಬೀದಿಯ ಹಿರಿಯನಂತೆ ಕಾಣುತ್ತಿದ್ದ.

ಚಿಕ್ಕಮುನಿಯಮ್ಮ ಮೆಟ್ಟಿಲ ಕೆಳಗೆ ನಿಂತು ಕೂಗಿದಳು. "ಲೋ ಚಲುವಾ! ಅದೇನೋ ಇಕ್ಟ್ರಿ ಪಲಸ್ ಅಂತೆ. ಅದನ್ನ ಹಾಕು."

"ಅದು ಪೇ ಚಾನೆಲ್ಲು ಅಜ್ಜಿ. ಬೇರೆ ಬಾಕ್ಸ್ ತರಬೇಕು, ವರ್ಷದ ಕಾಂಟ್ರಾಕ್ಟ್ ಮಾಡ್ಕೋಬೇಕು. ಕ್ರಿಕೆಟ್ ಆಗಿದ್ರೆ ತರ್ತಿದ್ದೆ. ಫುಟ್‌ಬಾಲ್ ಯಾರು ನೋಡ್ತಾರೆ?"

"ನಾನ್ ನೋಡ್ತೀನಿ ಕಣೋ!"

ಚಲುವರಾಜು ಮೇಲಿನಿಂದ ಬಗ್ಗಿ, ಎದುರು ಬದಿಯಲ್ಲಿ ಮೆಣಸಿನಕಾಯಿ ತುಂಬಿಕೊಂಡು ಕೂತಿದ್ದ ಅರ್ಧ ಚೆಂಡನ್ನು ಒಮ್ಮೆ ನೋಡಿದ. ಹನ್ನೆರಡು ವರ್ಷದಿಂದ ಈ ಗಳಿಗೆಗಾಗಿ ಕಾದವನಂತೆ ನಿಧಾನವಾಗಿ ಹೇಳಿದ.

"ಅವತ್ತು ನೀನು ನನ್ ಫುಟ್‌ಬಾಲ್ ಕೊಯ್ದೆ. ಇವತ್ತು ನಾನು ನಿಂದು ಕೊಯ್ದಿದೀನಿ. ಸರಿಹೋಯ್ತಲ್ಲ ಲೆಕ್ಕ?"

ಗಿರಣಿಯ ಬೆಲ್ಟು ಕೂಡ ಒಂದು ಸುತ್ತು ತಪ್ಪಿತು ಎನ್ನುತ್ತಾರೆ ಅಲ್ಲಿದ್ದವರು. ಚಿಕ್ಕಮುನಿಯಮ್ಮ ಮಾತಾಡದೆ ಹಿಂದಿರುಗಿದ್ದನ್ನು ಕಂಡ ಶೀನಣ್ಣ, ಮಳೆಗೆ ಮುಂಚೆ ಗಾಳಿ ನಿಂತಂತಾಯಿತೆಂದು ಕೊಡೆ ಹುಡುಕುವವರ ಹಾಗೆ ಮನೆಯೊಳಗೆ ಹೋದರು.

ಮರುದಿನ ಬೆಳಿಗ್ಗೆ, ಬೋಣಿಯ ಹೊತ್ತಿಗೆ ಸರಿಯಾಗಿ, ಕುಂಕುಮವಿಟ್ಟ ತಕ್ಕಡಿಯನ್ನು ಎತ್ತಿ ಹಿಡಿದು ಅವಳು ಶಾಪ ಹಾಕಿದಳು. "ನನ್ ಮಗೀನ ನನಗೆ ಕಾಣದಂಗೆ ಮಾಡಿದೋನ ತಂತಿಯೆಲ್ಲಾ ಹಾವಾಗಿ ಅವನ ಕಾಲೇ ಸುತ್ಕೊಳ್ಲಿ!" ಆಮೇಲೆ ಯುದ್ಧಘೋಷ. "ಚಲುವನ ಕೇಬಲ್ ಹಾಕಿಸ್ಕೊಂಡಿರೋ ಯಾರ ಮನೆಗೂ ಇವತ್ತಿಂದ ಕೊಸರಿಲ್ಲ!"

ಜನ ನಕ್ಕರು. ಮಧ್ಯಾಹ್ನ ಊಟಕ್ಕೆ ಕೂತಾಗ ನಗು ನಿಂತಿತು. ಚಾಮರಾಜಪೇಟೆಯ ಸಂಸಾರಗಳು ಕರಿಬೇವನ್ನು ಕಾಸು ಕೊಟ್ಟು ಕೊಂಡವುಗಳಲ್ಲ. ಕರಿಬೇವನ್ನು ಕೊಳ್ಳುವುದು ಎಂದರೆ ಅವರಿಗೆ ಗಾಳಿಯನ್ನು ಕೊಂಡಷ್ಟೇ ಅವಮಾನ. ಹಾಗೆಂದು ಅದಿಲ್ಲದ ಒಗ್ಗರಣೆಯೂ ಗಂಟಲಿಗಿಳಿಯದು. ಆ ವಾರ ಸಾರು ಸಪ್ಪೆಯಾಯಿತು, ಮಜ್ಜಿಗೆ ಅನಾಥವಾಯಿತು, ಕೋಸಂಬರಿಯನ್ನು ಕೊತ್ತಂಬರಿಯಿಲ್ಲದೆ ನೈವೇದ್ಯಕ್ಕಿಟ್ಟ ಮನೆಗಳಲ್ಲಿ ದೇವರಿಗೂ ಗಂಡಸರಿಗೂ ಒಟ್ಟಿಗೆ ಮುಖ ಬಾಡಿತು. ಕೊಸರು ಬೇರೆ ಕಡೆ ಸಿಗುತ್ತಿರಲಿಲ್ಲವೇ ಎಂದರೆ, ಸಿಗುತ್ತಿರಲಿಲ್ಲ. ಚಿಕ್ಕಮುನಿಯಮ್ಮನ ಗಿರಾಕಿಗೆ ಕೊಸರು ಹಾಕುವ ಧೈರ್ಯ ಮಾರ್ಕೆಟ್ಟಿನವರೆಗೂ ಯಾವ ತಳ್ಳುಗಾಡಿಗೂ ಇರಲಿಲ್ಲ.

ಸುಂದರಮ್ಮ ಮೊದಲು ಬಂದು ನಯವಾಗಿ ಕೇಳಿದರು. "ನಮಗೂ ಇಲ್ವೇನೇ ಮುನಿಯಮ್ಮ? ನಿನ್ನ ಮಗಳ ಬಾಣಂತನಕ್ಕೆ ಹಳೇ ಸೀರೆ ಎಲ್ಲಾ ಕೊಟ್ಟಿದ್ದೆ."

"ಕೊಟ್ಟಿದ್ರಿ ತಾಯಿ, ಇಲ್ಲ ಅನ್ನಲ್ಲ. ಕರಿಬೇವಿನ ಹಕ್ಕು ಮಾರ್ಬುಟ್ಟಿದೀನಿ. ಈಗ ಅದು ದುಡ್ಡಿನ ಸೊಪ್ಪು. ವರ್ಷದ ಕಾಂಟ್ರಾಕ್ಟ್ ಮಾಡ್ಕೊಳ್ಳಿ."

ಸುಂದರಮ್ಮ ಸೆರಗನ್ನು ಸೊಂಟಕ್ಕೆ ಬಿಗಿದರು. ಬುಟ್ಟಿ ಹಿಡಿದಿದ್ದ ಹೆಂಗಸರೆಲ್ಲ ಅವರ ಹಿಂದೆ ಹೊರಟರು. ಗಿರಣಿಯ ಮೆಟ್ಟಿಲ ಮೇಲೆ ಅಂಥ ದಂಡು ಗೋಧಿ ಬೀಸಿಸುವ ದಿನವೂ ಏರಿದ್ದಿಲ್ಲ.

"ಚಲುವರಾಜು, ನಿನ್ನ ಕೇಬಲ್ಲಿಂದ ನಮ್ಮನೆ ಸಾರು ಕೆಟ್ಟಿದೆ."

"ಕೇಬಲ್ಲಿಗೂ ಸಾರಿಗೂ ಏನ್ ಸಂಬಂಧ ಅಮ್ಮಾ?"

"ಅದೆಲ್ಲಾ ನನಗ್ಗೊತ್ತಿಲ್ಲ. ಭಾನುವಾರ ಆ ಹುಡುಗ ಕಾಣದಿದ್ರೆ ಸೋಮವಾರ ನಿನ್ನ ವೈರ್ ಕಿತ್ಕೊಂಡು ಹೋಗು."

ಇದರ ಜೊತೆಗೆ ಶಾಪವೂ ಕೆಲಸ ಮಾಡಲು ತೊಡಗಿತ್ತು. ಮಂಗಳವಾರ ಹೊಂಗೆ ಕೊಂಬೆ ಮುರಿದು ಎರಡು ಬೀದಿಯ ಲೈನು ಹೋಯಿತು. ಗುರುವಾರ ಆಂಪ್ಲಿಫೈಯರ್ ಸುಟ್ಟಿತು. ಶುಕ್ರವಾರ ಚಲುವರಾಜು ತಾರಸಿಯಲ್ಲಿ ನಿಜವಾಗಿಯೂ ತನ್ನದೇ ತಂತಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದು, ಮಂಡಿ ತರಚಿಕೊಂಡ. ಬೋಣಿ ಹೊತ್ತಿನ ಶಾಪ ಎಂಬುದು ಅವನ ತಲೆಯಿಂದ ಹೋಗಲೊಲ್ಲದು. ಶನಿವಾರ ಕುಂಟುತ್ತಾ ಹೊಂಗೆ ಮರದ ಕೆಳಗೆ ಬಂದ.

"ಬಾಕ್ಸ್ ತರಿಸ್ತಿದೀನಿ. ನಾಳೆ ಮಧ್ಯಾಹ್ನ ಬರುತ್ತೆ. ಒಂದು ಕಂಡೀಶನ್ನು."

"ಏನು?"

"ನಿನ್ನ ಬಾಯಿಂದ ಬಿದ್ದಿದ್ದು ನಿನ್ನ ಕೈಯಿಂದ್ಲೇ ಹೋಗ್ಬೇಕು. ನೀನೇ ಬಂದು ಪೂಜೆ ಮಾಡಿ, ದೃಷ್ಟಿ ತೆಗೀಬೇಕು. ಆಮೇಲೇ ಸ್ವಿಚ್ ಹಾಕೋದು."

"ಬರ್ತೀನಿ. ಬೂದುಗುಂಬಳ ನಂದು. ಅದರ ಕಾಸು ನೀನ್ ಕೊಡ್ಬೇಕು."

ಭಾನುವಾರ ನಾಲ್ಕೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಪೂಜೆ ಮುಗಿಯಬೇಕೆಂದು ಚಿಕ್ಕಮುನಿಯಮ್ಮ ನೀಲಿ ಸೀರೆಯುಟ್ಟು, ಮಡಿಲಲ್ಲಿ ಕುಂಬಳಕಾಯಿ ಹೊತ್ತು, ಮೊದಲ ಬಾರಿಗೆ ಶತ್ರುವಿನ ಕೋಟೆಯ ಮೆಟ್ಟಿಲು ಹತ್ತಿದಳು. ಹಿಂದೆ ಶೀನಣ್ಣ, ಸುಂದರಮ್ಮ, ಮತ್ತು ಕೋಣೆಯಲ್ಲಿ ಹಿಡಿಯುವುದಕ್ಕಿಂತ ಎರಡರಷ್ಟು ಜನ. ಮಿಕ್ಕವರು ತಂತಮ್ಮ ಮನೆಯ ಟೀವಿ ಮುಂದೆ ಕೂತಿದ್ದರು.

ಅವಳು ಯಾವುದನ್ನೂ ಬಿಡಲಿಲ್ಲ. ಡಿಶ್ಶಿಗೆ ಕುಂಕುಮ, ಹೊಸ ಆಂಪ್ಲಿಫೈಯರಿಗೆ ಕುಂಕುಮ, ತಂತಿಯ ಸುರುಳಿಗೆ ಕುಂಕುಮ, ಹೊಸ ಬಾಕ್ಸಿನ ನೆತ್ತಿಗೆ ಮೂರು ಬೊಟ್ಟು. ಕೊನೆಗೆ ಚಲುವರಾಜು ಎರಡೂ ಕೈಯಲ್ಲಿ, ತಟ್ಟೆಯಲ್ಲಿ ತಾಳಿ ತಂದಂತೆ, ಒಂದು ಕಾರ್ಡನ್ನು ತಂದು ಮುಂದೆ ಹಿಡಿದ.

"ಎಲ್ಲಾ ಇದರ ಒಳಗೇ ಇರೋದು. ಇದಕ್ಕೂ ಇಡು."

ಅಂಗೈಯಗಲದ ಬಿಳಿ ಕಾರ್ಡು. ಅದರ ಮೇಲೆ ಒಂದು ಕಡೆ ಚಿಕ್ಕ ಚಿನ್ನದ ಬಣ್ಣದ ಚೌಕ. ಚಿಕ್ಕಮುನಿಯಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಯಾವುದಕ್ಕಾದರೂ ಹಣೆ ಎಂಬುದೊಂದು ಇರಲೇಬೇಕು. ಮಿಕ್ಕಿದ್ದೆಲ್ಲ ಬೋಳು, ಹೊಳೆಯುವುದು ಇದೊಂದೇ. ನೀರಿನಲ್ಲಿ ಕಲಸಿದ ಅರಿಶಿನವನ್ನು ಆ ಚಿನ್ನದ ಚೌಕಕ್ಕೆ ಚೆನ್ನಾಗಿ ಬಳಿದು, ನಡುವೆ ದಪ್ಪಗೆ ಕುಂಕುಮವಿಟ್ಟಳು. ಚಲುವರಾಜು ಅದನ್ನು ಕಣ್ಣಿಗೊತ್ತಿಕೊಂಡು ಬಾಕ್ಸಿನ ಬಾಯಿಗೆ ತೂರಿಸಿದ. ಕುಂಬಳಕಾಯಿ ರಸ್ತೆಯಲ್ಲಿ ಚೂರಾಯಿತು. ಸ್ವಿಚ್ಚು ಬಿತ್ತು.

ಪರದೆಯ ಮೇಲೆ ಕಪ್ಪು. ನಡುವೆ ಒಂದು ಸಾಲು ಇಂಗ್ಲಿಷು.

"ಏನಂತೆ?" ಎಂದಳು ಚಿಕ್ಕಮುನಿಯಮ್ಮ.

"ದಯವಿಟ್ಟು ಕಾರ್ಡ್ ಹಾಕಿ ಅಂತಿದೆ," ಎಂದರು ಶೀನಣ್ಣ.

"ಹಾಕಿದೀನಲ್ಲ ಸಾರ್. ಮ್ಯಾಚ್ ನಾಲ್ಕೂ ಮುಕ್ಕಾಲಿಗೆ. ಶುರುವಾದಾಗ ತಾನಾಗೇ ಬರುತ್ತೆ," ಎಂದ ಚಲುವರಾಜು.

ನಾಲ್ಕೂ ಮುಕ್ಕಾಲಾಯಿತು. ಕೊಲ್ಲಿ ದೇಶದಲ್ಲಿ ಸೀಟಿ ಊದಿರಬೇಕು. ಚಾಮರಾಜಪೇಟೆಯಲ್ಲಿ ಅದೇ ಕಪ್ಪು, ಅದೇ ವಿನಯ. ಐದೂಕಾಲಾಯಿತು. ಬಾಲ್ಕನಿಗಳಿಂದ ಕೂಗು ಎದ್ದಿತು. "ಏಯ್ ಚಲುವಾ, ಏನ್ ಗುರು ಇದು? ಅಮಾವಾಸ್ಯೆ ತೋರಿಸ್ತಿದೀಯಾ?" ಚಲುವರಾಜು ಚಾನೆಲ್ ಕಂಪನಿಗೆ ಫೋನು ಹಚ್ಚಿದ. ಫೋನಿನಲ್ಲಿ ವೀಣೆ ನುಡಿಯಿತು. ಬಹಳ ಹೊತ್ತು ನುಡಿಯಿತು.

"ದುಡ್ಡು ಈಸ್ಕೊಂಡು ಪಿಟೀಲು ಕೇಳಿಸ್ತಾವ್ನಾ?" ಎಂದು ಚಿಕ್ಕಮುನಿಯಮ್ಮ ರಿಸೀವರನ್ನು ಕಿತ್ತುಕೊಂಡಳು. "ಯಾರಪ್ಪಾ ನೀನು? ನನ್ನ ಮೊಮ್ಮಗನ್ನ ಎಲ್ಲಿ ಬಚ್ಚಿಟ್ಟಿದೀಯ, ಬುಡೋ ಆಚೆಗೆ!"

ಆ ಕಡೆಯಿಂದ ಯಾವುದೋ ಹುಡುಗಿ ಹಿಂದಿಯಲ್ಲಿ ಅವಳಿಗೆ ಶುಭ ಸಂಜೆ ಕೋರಿದಳು. ಶೀನಣ್ಣ ಫೋನು ತೆಗೆದುಕೊಂಡು, ತಮಗೆ ಬಂದಷ್ಟು ಹಿಂದಿಯಲ್ಲಿ ಹೋರಾಡಿ, ಬೆವರು ಒರೆಸಿಕೊಳ್ಳುತ್ತಾ ಹೇಳಿದರು. "ಕಾರ್ಡ್ ಆಚೆ ತೆಗೆದು, ಒರೆಸಿ, ಮತ್ತೆ ಹಾಕ್ಬೇಕಂತೆ."

"ಈಗಲಾ?" ಚಲುವರಾಜು ಬಾಕ್ಸಿಗೆ ಅಡ್ಡ ನಿಂತ. "ರಾಹುಕಾಲ ಸಾರ್! ಪೂಜೆ ಮಾಡಿ ಹಾಕಿರೋದನ್ನ ರಾಹುಕಾಲದಲ್ಲಿ ಕೀಳೋದಾ? ಆರು ಗಂಟೆ ಆಗ್ಲಿ."

"ಆರು ಗಂಟೆಗೆ ಆಟಾನೇ ಮುಗಿಯಕ್ ಬಂದಿರ್ತದೆ ಕಣೋ!"

"ಈಗ ಕಿತ್ರೆ ನನ್ ಬಿಸಿನೆಸ್ಸೇ ಮುಗಿಯುತ್ತೆ!"

ಅಲ್ಲಿ ನಡೆದ ವಾಗ್ಯುದ್ಧವನ್ನು ಪೂರ್ತಿ ಬರೆದರೆ ಮನೆಯಲ್ಲಿ ಹೆಣ್ಣುಮಕ್ಕಳು ಓದುವಂತಿರುವುದಿಲ್ಲ. ಚೆಂಡಿನಿಂದ ಶುರುವಾಗಿ ಅವನ ಅಜ್ಜನ ಕುಡಿತದವರೆಗೆ ಅವಳು ಹೋದಳು. ಟೊಮೇಟೊಗೆ ನೀರು ಚಿಮುಕಿಸಿ ತೂಕ ಹೆಚ್ಚಿಸುವವರೆಗೆ ಅವನು ಬಂದ. ಸುಂದರಮ್ಮ ಕಿವಿ ಮುಚ್ಚಿಕೊಂಡರು, ಆದರೆ ಬೆರಳುಗಳ ಸಂದಿ ಬಿಟ್ಟುಕೊಂಡು. ಗೋಡೆಯ ಗಡಿಯಾರ ಐದೂ ಮುಕ್ಕಾಲು ದಾಟಿತು. ಅವನ ಕಣ್ಣು ಗಡಿಯಾರದ ಕಡೆ ಹೋದದ್ದೇ ತಡ, ಚಿಕ್ಕಮುನಿಯಮ್ಮ ಅವನ ತೋಳಿನ ಕೆಳಗೆ ತೂರಿ, ಕಾರ್ಡನ್ನು ಬಾಕ್ಸಿನ ಬಾಯಿಂದ ಸೆಳೆದುಬಿಟ್ಟಳು.

ಕಾರ್ಡು ಕೆಂಪಗೆ, ಹಸಿಹಸಿಯಾಗಿ, ಮದುವೆಮನೆಯಿಂದ ಎದ್ದು ಬಂದಂತಿತ್ತು. ಅರಿಶಿನ ಕುಂಕುಮ ಬೆರೆತು ಚಿನ್ನದ ಚೌಕ ಪೂರ್ತಿ ಮುಚ್ಚಿಹೋಗಿತ್ತು.

ಶೀನಣ್ಣ ಕನ್ನಡಕ ಮೇಲೇರಿಸಿ ನೋಡಿದರು. "ಅಯ್ಯೋ, ಇದೇ ಅಲ್ವೇನಯ್ಯಾ ಬಾಕ್ಸು ಓದೋ ಜಾಗ? ಅದರ ಕಣ್ಣಿಗೇ ಕುಂಕುಮ ಮೆತ್ತಿದ್ರೆ ಅದು ನೋಡೋದು ಹೇಗೆ?"

ಮೊಮ್ಮಗನನ್ನು ತನಗೆ ಕಾಣದಂತೆ ಮಾಡಿದವರನ್ನು ವಾರವೆಲ್ಲ ಶಪಿಸಿದವಳ ಬೆರಳ ತುದಿಯಲ್ಲಿ ಅದೇ ಕುಂಕುಮ ಇನ್ನೂ ಒಣಗಿರಲಿಲ್ಲ.

"ಇಟ್ಟೋಳು ನೀನು," ಎಂದ ಚಲುವರಾಜು.

"ಇಡು ಅಂದೋನು ನೀನು. ಕಣ್ಣಿಗೊತ್ಕೊಂಡು ತೂರಿಸ್ದೋನೂ ನೀನೇ. ತಗೋ, ಒರೆಸು."

ಅವನು ಹಾವು ಕಂಡಂತೆ ಹಿಂದೆ ಸರಿದ. "ಇಟ್ಟ ಕುಂಕುಮ ನಾನ್ ಅಳಿಸಲ್ಲಪ್ಪ. ಮನೇಲಿ ಹೆಂಡ್ತಿ ಇದಾಳೆ."

ಶೀನಣ್ಣ ಸುಂದರಮ್ಮನ ಕಡೆ ನೋಡಿದರು. ಸುಂದರಮ್ಮ ಗಾಬರಿಯಿಂದ ತಮ್ಮ ಹಣೆ ಮುಟ್ಟಿಕೊಂಡರು. ಇಬ್ಬರೂ ಗೋಡೆ ನೋಡಿದರು. ಮೆಟ್ಟಿಲ ಮೇಲಿನ ದಂಡಿನಲ್ಲಿ ಒಬ್ಬರೂ ಕೈ ಚಾಚಲಿಲ್ಲ. ರಾಹುಕಾಲ, ಅದರ ಮೇಲೆ ಕುಂಕುಮ.

ಚಿಕ್ಕಮುನಿಯಮ್ಮ ಅವರೆಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು.

"ಕೊಡ್ರೋ," ಎಂದಳು, ಕಾರ್ಡು ತನ್ನ ಕೈಯಲ್ಲೇ ಇದ್ದರೂ. "ಅಳಿಸೋದು ನನಗೇನ್ ಹೊಸದಾ? ಅವತ್ತು ಅಳಿಸೋಕೆ ಊರೇ ಬಂದಿತ್ತು. ಇವತ್ತು ಒಬ್ರಿಗೂ ಕೈ ಬರಾಕಿಲ್ಲ."

ನೀಲಿ ಸೀರೆಯ ಸೆರಗಿಗೆ ಉಗುಳು ಹಚ್ಚಿ, ಒಂದೇ ಎಳೆತಕ್ಕೆ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಕಾರ್ಡನ್ನು ಚಲುವರಾಜುವಿನ ಎದೆಗೆ ಒತ್ತಿ, "ಈಗ ತೂರಿಸು," ಎಂದಳು.

ಬಾಕ್ಸು ಎರಡು ಸಲ ಕಣ್ಣು ಮಿಟುಕಿಸಿತು. ಪರದೆಯ ತುಂಬ ಹಸಿರು ಚಿಮ್ಮಿತು. ಬೀದಿಯುದ್ದಕ್ಕೂ ಮನೆಮನೆಯಿಂದ ಎದ್ದ ಕೇಕೆಗೆ ಹೊಂಗೆ ಮರದ ಕಾಗೆಗಳು ಹಾರಿದವು. ಎರಡನೇ ಅರ್ಧ ಶುರುವಾಗಿಹೋಗಿತ್ತು, ಇಂಡಿಯಾ ಒಂದು ಗೋಲು ಹಿಂದಿತ್ತು. ಹುಡುಗರೆಲ್ಲ ಒಂದೇ ಅಂಗಿಯಲ್ಲಿ, ಒಂದೇ ಅಳತೆಯಲ್ಲಿ, ಸಾಸಿವೆ ಸಿಡಿದಂತೆ ಓಡುತ್ತಿದ್ದರು.

"ಯಾವನಮ್ಮ ನಿಮ್ಮೋನು?" ಎಂದರು ಸುಂದರಮ್ಮ.

ಅವಳಿಗೂ ತಿಳಿಯಲಿಲ್ಲ. ಪರದೆಗೆ ಮೂಗು ತಗಲುವಷ್ಟು ಬಗ್ಗಿದಳು. ಒಬ್ಬೊಬ್ಬನ ಮೇಲೂ ಬೆರಳಿಟ್ಟು ಹುಡುಕಿದಳು. ಅಂಚಿನಲ್ಲಿ ಒಬ್ಬ ಹುಡುಗ ಹೊರಗೆ ಬಂದ, ಇನ್ನೊಬ್ಬ ನೆಲ ಮುಟ್ಟಿ ನಮಸ್ಕರಿಸಿ ಒಳಗೆ ಓಡಿದ.

"ಅಕೋ! ಎಡಗಡೆ ಭುಜ ಇಳೇಬುಟ್ಕೊಂಡು ಓಡ್ತಾವ್ನಲ್ಲ, ಅವನೇ. ಅವರ ತಾತನೂ ಅಂಗೇ. ಮೂಟೆ ಇಲ್ದಿದ್ರೂ ಮೂಟೆ ಹೊತ್ತೋನಂಗೆ ಓಡೋನು." ಅವಳ ದನಿ ಒಮ್ಮೆ ಎಡವಿತು. ಕೂಡಲೇ ಎದ್ದು ನಿಂತಿತು. "ಲೋ ಯೋಗಾ! ಮಧ್ಯಾಹ್ನ ಉಂಡಿಲ್ವೇನೋ? ಓಡೋ ಜಲ್ದಿ!"

ಯೋಗಾನಂದ ಓಡಿದ. ಚೆಂಡು ಹೊರಹೋಯಿತು. ಅದನ್ನು ತಂದು ಎಸೆಯುವಷ್ಟರ ಸಂದಿನಲ್ಲಿ ಚಾನೆಲ್ಲು ಒಂದು ಪ್ರೆಷರ್ ಕುಕ್ಕರನ್ನು ನುಗ್ಗಿಸಿತು. ಕುಕ್ಕರ್ ಮೂರು ಸೀಟಿ ಹೊಡೆಯಿತು. ಒಬ್ಬ ಸೊಸೆ ನಕ್ಕಳು, ಅತ್ತೆ ನಕ್ಕಳು. ಪಂದ್ಯ ಮರಳಿ ಬರುವಾಗ ಯೋಗಾನಂದ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ, ಮೈದಾನವೇ ಕೂಗುತ್ತಿತ್ತು.

"ಏನಾಯ್ತು? ಏನಾಯ್ತೋ?"

ಆಗ ತೋರಿಸಿದರು, ನಿಧಾನವಾಗಿ. ಎಡಭುಜ ಇಳಿಬಿಟ್ಟು ಓಡಿಬಂದ ಅವನು, ಹಿಂದೆ ಟೊಮೇಟೊ ಬುಟ್ಟಿಗೆ ಒದ್ದ ಅದೇ ಕಾಲಿನಲ್ಲಿ ಒದ್ದದ್ದು. ಚೆಂಡು ಗೋಲಿನ ಮೇಲಿನ ಕಂಬಕ್ಕೆ ಬಡಿದು ಆಕಾಶಕ್ಕೆ ಹೋದದ್ದು. ಮತ್ತೊಮ್ಮೆ ತೋರಿಸಿದರು.

"ರಿಪ್ಲೇ ಅಜ್ಜಿ," ಎಂದ ಚಲುವರಾಜು ಮೆಲ್ಲಗೆ. "ಆಗ್ಲೇ ಆಗಿಹೋಗಿರೋದು."

"ಆಗೋವಾಗ ಕುಕ್ಕರ್ ತೋರಿಸಿ, ಆಗೋದ್ಮೇಲೆ ಎರಡೆರಡು ಸಲ ತೋರಿಸ್ತಾನಾ?" ಅವಳು ಪರದೆಯ ಮೇಲೆ ಬೆರಳಿಟ್ಟಳು. "ನೋಡೋದನ್ನ ಕೊಂಡ್ಕೊಂಡ ಮುಂಡೇವಕ್ಕೆ ತೋರಿಸೋಕೂ ಬರಾಕಿಲ್ವಲ್ಲೋ!"

ಇಂಡಿಯಾ ಸೋತಿತು. ಚಿಕ್ಕಮುನಿಯಮ್ಮ ಮೆಟ್ಟಿಲಿಳಿದಾಗ ಯಾರೋ ಒಬ್ಬ, "ನಿನ್ನ ಮೊಮ್ಮಗ ಕಂಬಕ್ಕೆ ಹೊಡ್ದ ಬಿಡಜ್ಜಿ," ಎಂದು ನಕ್ಕ. ಅವನ ಮನೆಯವರು ಆ ತಿಂಗಳೆಲ್ಲ ತರಕಾರಿಯನ್ನು ಅಕ್ಕಿಪೇಟೆಗೆ ಹೋಗಿ ತರಬೇಕಾಯಿತು. ಮಿಕ್ಕವರಿಗೆಲ್ಲ ಕೊಸರು ಮರಳಿತು.

ಸೋಮವಾರ ಬೆಳಿಗ್ಗೆ ತಕ್ಕಡಿಗೆ ಕುಂಕುಮವಿಡುತ್ತಿದ್ದಾಗ ಎದುರಿಗೆ ಕುಂಟುವ ಕಾಲು ನಿಂತಿತು. ಚಲುವರಾಜು ಚೀಲ ಚಾಚಿದ.

"ಅರ್ಧ ಕೆಜಿ ಹುರುಳೀಕಾಯಿ. ಬೋಣಿ ನಂದೇ ಆಗ್ಲಿ. ಶಾಪ ಹೋಯ್ತಾ ಅಂತ ಗೊತ್ತಾಗ್ಬೇಕು."

ಅವಳು ತೂಗಿದಳು, ಚೀಲಕ್ಕೆ ಸುರಿದಳು. ಅವನು ಚೀಲದ ಬಾಯಿ ಮುಚ್ಚಲಿಲ್ಲ. ಕಾದ. ಅವಳು ಅವನನ್ನು ನೋಡಿದಳು, ಅವನ ಮಂಡಿಯ ಪಟ್ಟಿ ನೋಡಿದಳು, ಕರಿಬೇವಿನ ರಾಶಿ ನೋಡಿದಳು. ಆಮೇಲೆ ಮೆಣಸಿನಕಾಯಿ ಬಟ್ಟಲನ್ನು ಗೋಣಿಯ ಮೇಲೆ ಬೋರಲು ಹಾಕಿ, ಆ ಖಾಲಿ ಹೋಳಿನಲ್ಲಿ ಒಂದು ಹಿಡಿ ಕರಿಬೇವು ತುರುಕಿ, ಬಟ್ಟಲು ಸಮೇತ ಅವನ ಚೀಲಕ್ಕೆ ಎಸೆದಳು.

"ತಗೋ ನಿನ್ನ ಚೆಂಡು. ಇನ್ನು ಹಳೇ ಮಾತು ಎತ್ತಬ್ಯಾಡ."

ಚಲುವರಾಜು ಚೀಲದೊಳಗೆ ಬಗ್ಗಿ ನೋಡಿದ. ಆಮೇಲೆ ಅವಳ ಬಲಗಡೆ ಚಿಲ್ಲರೆ ತುಂಬಿಕೊಂಡು ಕೂತಿದ್ದ ಖಜಾನೆಯನ್ನು ನೋಡಿದ.

"ಅಜ್ಜಿ, ಇನ್ನರ್ಧ?"

ಚಿಕ್ಕಮುನಿಯಮ್ಮ ಆ ಹೊತ್ತಿಗಾಗಲೇ ಮುಂದಿನ ಗಿರಾಕಿಯ ಕಡೆ ತಿರುಗಿದ್ದಳು.

"ಇನ್ನರ್ಧ ಬೇಕಾದ್ರೆ," ಎಂದಳು, ತಿರುಗಿಯೂ ನೋಡದೆ, "ದಯವಿಟ್ಟು ಕಾರ್ಡ್ ಹಾಕು."